ಸಾಹೇಬರು ಬದಲಾದರು, ಸಾಕ್ಷಿ ಕಾಗದದಲ್ಲಿ ಉಳಿಯಿತು

ಮಿರಗದ ಮಳೆ ಬಿದ್ದ ಎರಡನೇ ದಿನ. ಮುರುಮದ ಹೊಲದಲ್ಲಿ ಉದ್ದು ಬಿತ್ತಲು ಕೂರಿಗೆ ಹೂಡಿಸಿ ಬದುವಿನ ಮೇಲೆ ನಿಂತಿದ್ದೆ. ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ವಕೀಲರ ಗುಮಾಸ್ತ. "ಕಾಕಾ, ಸಾಹೇಬ್ರ ಬದ್ಲಿ ಆಗ್ಯಾದ. ಹೊಸಬರು ಬಂದಾರ. ನಿಮ್ಮ ಫೈಲ್ ಮತ್ತ ಮೊದಲಿಂದ ನೋಡಬೇಕಂತ. ಮನ್ಯಾಗಿದ್ದ ಕಾಗದ ಎಲ್ಲಾ ಕಟ್ಟಿಕೊಂಡು ಬರ್ರಿ" ಅಂದ.

ಬಿತ್ತನೆ ಅಲ್ಲಿಗೆ ನಿಂತಿತೆಂದು ತಿಳಿಯಬೇಡಿರಿ. ಬಿತ್ತನೆ ಮಗ ಮುಗಿಸಿದ. ಆದರೆ ನನ್ನ ಜೀವ ಅಲ್ಲಿ ಇರಲಿಲ್ಲ. ನಾಲ್ಕು ವರ್ಷ ತಾರೀಖಿನ ಮೇಲೆ ತಾರೀಖು ತಿರುಗಿ, ಸಾಕ್ಷಿ ಎಲ್ಲ ಮುಗಿದು, ಇನ್ನು ವಾದ ಒಂದೇ ಉಳಿದಿದೆ ಎನ್ನುವಾಗ ಸಾಹೇಬರೇ ಎದ್ದು ಹೋದರೆ ರೈತನಾದವನಿಗೆ ಏನನ್ನಿಸಬೇಕು? ರಾಶಿ ಮಾಡಿ ತೂರುವ ಹೊತ್ತಿಗೆ ಗಾಳಿ ನಿಂತಂತೆ ಆಯಿತು.

ಕೋರ್ಟು ಯಾವುದು ಎಂದು ಹೇಳುವುದಿಲ್ಲ. ಕೇಸು ಇನ್ನೂ ನಡೆದಿದೆ, ಎದುರು ಪಾರ್ಟಿಯವರೂ ಈ ಪತ್ರಿಕೆ ಓದುತ್ತಾರೆ. ಗಡಿಯ ಈಚೆಯ ಒಂದು ತಾಲೂಕು ಕೋರ್ಟು ಎಂದಷ್ಟೇ ತಿಳಿಯಿರಿ. ಉಮರ್ಗಾ, ನಿಲಂಗಾ, ಉದಗೀರ ಎಲ್ಲಿ ಹೋದರೂ ನಮ್ಮವರ ಸ್ಥಿತಿ ಒಂದೇ: ಮನೆಯಲ್ಲಿ ಕನ್ನಡ, ಬಜಾರದಲ್ಲಿ ಎರಡೂ, ಕೋರ್ಟಿನಲ್ಲಿ ಮರಾಠಿ, ಅಜ್ಜನ ಕಾಗದ ಉರ್ದುವಿನಲ್ಲಿ. ನನಗಂತೂ ತಾಯಿಯ ತವರು ಜಹೀರಾಬಾದ ಕಡೆ ಇದ್ದುದರಿಂದ ತೆಲುಗೂ ಸೇರಿತು. ಆಳಂದದಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಎರಡು ಭಾಷೆಯಲ್ಲಿ ಕವನ ಬರೆಯುತ್ತೇನೆ ಎಂದು ಊರವರು ನಗುತ್ತಾರೆ. ಈ ಕೇಸಿನಲ್ಲಿ ಆ ಎರಡು ಭಾಷೆಯೇ ನನಗೆ ಒಮ್ಮೆ ಅಡ್ಡ ಬಂದವು, ಒಮ್ಮೆ ಕೈ ಹಿಡಿದವು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ವ್ಯಾಜ್ಯ ಏನೆಂದು ಚುಟುಕಾಗಿ ಹೇಳಿಬಿಡುತ್ತೇನೆ. ಅಜ್ಜ ಫಸಲಿ 1352ರಲ್ಲಿ ಕೊಂಡ ಹೊಲ. ಅದರ ಮೂಡಲ ಅಂಚಿನಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತದೆ. ಹಳ್ಳ ದಾಟಿದರೆ 11 ಗುಂಟೆ ಎರೆಮಣ್ಣಿನ ಪಟ್ಟಿ, ಅದರೊಳಗೆ ಅಜ್ಜ ಹಚ್ಚಿದ ಎರಡು ಹುಣಸೆ ಮರ. ಪಟ್ಟಿಯ ಆಚೆ ಹಳೆಯ ಒಡ್ಡು. ಒಡ್ಡಿನ ಆಚೆ ನೆರೆಯವರ ಹೊಲ. ಹದ್ದು ಒಡ್ಡು ಎಂದರೆ ಆ 11 ಗುಂಟೆ ನಮ್ಮದು, ಹಳ್ಳ ಎಂದರೆ ಅವರದು. ಅವರು ಒಂದು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹೊಡೆಸಿ ಒಡ್ಡು ಸಮ ಮಾಡಿದರು. ಮೋಜಣಿ ಆಯಿತು. ಹದ್ದಿನ ಕಲ್ಲು ಎರಡು ಸಿಗಲಿಲ್ಲ, ಎರಡೂ ಕಡೆಯವರು ತಕರಾರು ಮಾಡಿದೆವು. ಕೊನೆಗೆ ಎಲ್ಲವೂ ನಿಂತದ್ದು ಒಬ್ಬ ಮುದುಕನ ಮಾತಿನ ಮೇಲೆ. 84 ವರ್ಷದವರು, ಆ ಹೊಲದಲ್ಲಿ ಹುಡುಗನಾಗಿದ್ದಾಗಿನಿಂದ ದನ ಮೇಯಿಸಿದವರು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ.

ಕಾಗದ ಕಟ್ಟಿಕೊಂಡು ಹೋದೆ. ವಕೀಲರ ಕೋಣೆಯಲ್ಲಿ ಆ ವಾರ ಮದುವೆ ಮನೆಯ ಗಡಿಬಿಡಿ. ಹೊಸ ನ್ಯಾಯಾಧೀಶರು ಬಂದರೆ ವಕೀಲರು ಏನು ತಯಾರಿ ಮಾಡುತ್ತಾರೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದು ಆಗಲೇ. ಅಲ್ಲಿಯವರೆಗೆ ನನ್ನ ತಿಳಿವಳಿಕೆ ಇಷ್ಟೇ: ವಕೀಲ ಕರಿ ಕೋಟು ಹಾಕಿಕೊಂಡು ಹೋಗುತ್ತಾನೆ, ಬಾಯಿಗೆ ಬಂದದ್ದು ವಾದಿಸುತ್ತಾನೆ, ತಾರೀಖು ತರುತ್ತಾನೆ.

ಕೆಳಗಿನ ಕೋರ್ಟಿನ ನ್ಯಾಯಾಧೀಶರ ಬದಲಿ ಹೈಕೋರ್ಟಿನ ಕೈಯಲ್ಲಿದೆ. ಸಂವಿಧಾನದ 235ನೇ ಕಲಮು ಆ ಅಧಿಕಾರ ಕೊಟ್ಟಿದೆ. ಬೇಸಿಗೆ ರಜೆಯ ಆಜುಬಾಜು ಬದಲಿಯ ಪಟ್ಟಿ ಬರುತ್ತದೆ. ಪಟ್ಟಿ ಬಂದ ಸಂಜೆಯೇ ವಕೀಲರ ಸಂಘದಲ್ಲಿ ಫೋನಿನ ಸುರಿಮಳೆ. ಹೊಸಬರು ಎಲ್ಲಿಂದ ಬರುತ್ತಾರೆ? ಅಲ್ಲಿಯ ವಕೀಲರಲ್ಲಿ ನಮಗೆ ಗುರುತಿನವರು ಯಾರು? ದಿವಾಣಿ ಕೆಲಸ ನೋಡಿದವರೋ, ಫೌಜದಾರಿ ನೋಡಿದವರೋ? ಹನ್ನೊಂದಕ್ಕೆ ಸರಿಯಾಗಿ ಕುಳಿತುಕೊಳ್ಳುತ್ತಾರೋ? ತಾರೀಖು ಕೇಳಿದರೆ ಕೊಡುತ್ತಾರೋ, ದಂಡ ಹಾಕುತ್ತಾರೋ? ನಮ್ಮ ವಕೀಲರ ಗುರುಗಳ ಕಾಲದಲ್ಲಿ ಈ ಸಮಾಚಾರ ತರಲು ಒಬ್ಬ ಕಿರಿಯ ವಕೀಲನನ್ನು ಎಸ್.ಟಿ. ಬಸ್ಸಿನಲ್ಲಿ ಹಿಂದಿನ ಊರಿಗೆ ಕಳಿಸುತ್ತಿದ್ದರಂತೆ. ಅವನು ಅಲ್ಲಿಯ ಕ್ಯಾಂಟೀನಿನಲ್ಲಿ ಎರಡು ಚಹಾ ಕುಡಿದು, ನಾಲ್ಕು ಮಾತು ಕೇಳಿ ಬರುತ್ತಿದ್ದ.

ಈಗ ಅದಕ್ಕಿಂತ ಗಟ್ಟಿಯಾದ ದಾರಿ ಇದೆ. ಇ-ಕೋರ್ಟ್ಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಜಿಲ್ಲಾ, ತಾಲೂಕು ಕೋರ್ಟುಗಳ ಹುಕುಂ, ತೀರ್ಪು ಹಾಕುತ್ತಾರೆ. ಪ್ರತಿ ಕೇಸಿಗೆ 16 ಅಕ್ಷರ-ಅಂಕಿಯ ಸಿ.ಎನ್.ಆರ್. ನಂಬರು ಇರುತ್ತದೆ. ಫೋನಿನಲ್ಲಿ ಅದನ್ನು ಒತ್ತಿದರೆ ಮುಂದಿನ ತಾರೀಖು ನಮ್ಮಂಥವರಿಗೂ ಕಾಣುತ್ತದೆ. ವಕೀಲರು ಇನ್ನೂ ಮುಂದೆ ಹೋಗುತ್ತಾರೆ. ಹೊಸ ಸಾಹೇಬರು ಹಿಂದಿನ ಊರಿನಲ್ಲಿ ಬರೆದ ಹೊಲ-ಮನೆ ತೀರ್ಪುಗಳನ್ನು ಹುಡುಕಿ ಓದುತ್ತಾರೆ. ನಮ್ಮವರು ಎಂಟು ತೀರ್ಪು ಛಾಪಿಸಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದರು. "ನೋಡ್ರಿ, ಇವರು ಸಾಕ್ಷಿ ಹೇಳಿದ್ದನ್ನು ಸಾಲು ಸಾಲು ಎತ್ತಿ ಬರೀತಾರ. ಮೊದಲಿನ ಸಾಹೇಬರು ಕೇಳಿ ಮನಸಿನಾಗ ಇಟ್ಕೊಳ್ಳೋರು. ಇವರು ಕಾಗದದ ಮನುಷ್ಯರು. ಹಾಂಗಾದ್ರ ನಮ್ಮ ಕಾಗದ ಹ್ಯಾಂಗದ ಅಂತ ನಾವು ಮೊದಲು ನೋಡಬೇಕು" ಅಂದರು.

ಕ್ಯಾಂಟೀನಿನ ಸಮಾಚಾರ ಮತ್ತು ಓದಿ ತಿಳಿದದ್ದು ಎರಡೂ ಕೂಡುವುದಿಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. "ಭಾಳ ಸಿಟ್ಟಿನವರು, ವಕೀಲರನ್ನ ನಿಂತಲ್ಲೇ ಝಾಡಿಸ್ತಾರ" ಎಂದು ಪಾನಪಟ್ಟಿಯವನವರೆಗೂ ಸುದ್ದಿ ಹಬ್ಬಿತ್ತು. ನಮ್ಮ ವಕೀಲರು ಆ ಮಾತಿಗೆ ಕಿವಿಗೊಡದೆ ಮೂರು ದಿನ ತಮ್ಮ ಕೇಸಿಲ್ಲದಿದ್ದರೂ ಕೋರ್ಟ್ ಹಾಲಿನ ಹಿಂದಿನ ಬಾಕಿನ ಮೇಲೆ ಹೋಗಿ ಕುಳಿತರು. ನನ್ನನ್ನೂ ಒಂದು ದಿನ ಕೂಡಿಸಿಕೊಂಡರು. ನೋಡಿದ್ದೇನೆಂದರೆ, ಸಾಹೇಬರು ಸಿಟ್ಟಾಗುವುದು ಒಂದೇ ಕಾರಣಕ್ಕೆ: ಫೈಲು ಓದದೆ ಬಂದ ವಕೀಲ "ನೋಡಿ ಹೇಳುತ್ತೇನೆ ಸಾಹೇಬ" ಎಂದಾಗ. ತಪ್ಪು ಒಪ್ಪಿಕೊಂಡವನಿಗೆ ಒಂದು ಮಾತೂ ಅನ್ನಲಿಲ್ಲ. ಇನ್ನೊಂದು ಗಮನಿಸಿದ್ದು, ಎಡಗಡೆಯಿಂದ ಮಾತಾಡಿದರೆ ಅವರು ತುಸು ತಲೆ ವಾಲಿಸುತ್ತಿದ್ದರು, ಆ ಕಿವಿ ಮಂದ ಇರಬೇಕು. ನಮ್ಮ ವಕೀಲರು ಅದನ್ನೂ ಬರೆದುಕೊಂಡರು. ಎತ್ತು ಕೊಳ್ಳಲು ಹೋದವನು ಹಲ್ಲು ನೋಡುವ ಹಾಗೆ ಎಂದುಕೊಂಡೆ. ಹೋಲಿಕೆ ಒರಟು, ಮನ್ನಿಸಿರಿ.

ಸಾಹೇಬರು ಯಾವ ಸೀಮೆಯವರು ಎಂಬುದು ಜಾತಿ ಕೇಳುವವರಿಗೆ ಒಂದು ಲೆಕ್ಕ, ವಕೀಲರಿಗೆ ಬೇರೆಯೇ ಲೆಕ್ಕ. ಇದನ್ನು ನಮ್ಮ ಭಾಗದ ರೈತರು ಅವಶ್ಯ ತಿಳಿಯಬೇಕು. ಮಹಾರಾಷ್ಟ್ರ ಒಂದೇ ರಾಜ್ಯವಾದರೂ ಅದರ ಹೊಲದ ಕಾಯಿದೆ ಒಂದೇ ಇರಲಿಲ್ಲ. ಪಶ್ಚಿಮದ ಕಡೆ 1948ರ ಮುಂಬಯಿ ಗೇಣಿ ಕಾಯಿದೆ, ವಿದರ್ಭಕ್ಕೆ 1958ರದು, ನಮ್ಮ ಮರಾಠವಾಡಕ್ಕೆ 1950ರ ಹೈದರಾಬಾದ ಗೇಣಿ ಕಾಯಿದೆ. ಪುಣೆ, ಸಾತಾರೆಯಲ್ಲಿ ಹತ್ತು ವರ್ಷ ಕೆಲಸ ಮಾಡಿ ಬಂದವರಿಗೆ 32-ಜಿ, 1957ರ ಏಪ್ರಿಲ್ 1ರ 'ಉಳುವವನ ದಿನ' ಬಾಯಿಪಾಠ ಇರುತ್ತದೆ. ನಮ್ಮಲ್ಲಿಯ ಸಂರಕ್ಷಿತ ಗೇಣಿದಾರ, 38-ಇ ಎಂದರೆ ಅವರು ಪುಸ್ತಕ ತೆಗೆಯಬೇಕು. ಅದು ಅವರ ತಪ್ಪಲ್ಲ. 1956ರ ನವೆಂಬರ್ 1ರವರೆಗೆ ನಾವೆಲ್ಲ ಹೈದರಾಬಾದದಲ್ಲಿದ್ದವರು. ಉದಗೀರ, ನಿಲಂಗಾ ಬೀದರ ಜಿಲ್ಲೆಯೊಳಗೇ ಇದ್ದವು. ರಾಜ್ಯ ಹಂಚಿಕೆಯಾದಾಗ ಉಸ್ಮಾನಾಬಾದಕ್ಕೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆಯಾದ ಮೇಲೆ ಅತ್ತ ಹೋದವು. ನಮ್ಮ ಉಸ್ಮಾನಾಬಾದ ಈಗ ಧಾರಾಶಿವ ಆಗಿದೆ. ಜಿಲ್ಲೆಯ ಹೆಸರು ಬದಲಾದರೂ ಪೆಟ್ಟಿಗೆಯೊಳಗಿನ ಕಾಗದ ಬದಲಾಗಲಿಲ್ಲ.

ಹೊಸ ಸಾಹೇಬರ ಮುಂದೆ ಅಂಥ ಕಾಗದ ಇಡುವಾಗ ವಕೀಲರು ಮೂರು ಕೆಲಸ ಮಾಡಬೇಕಾಗುತ್ತದೆ. ಉರ್ದು ಖರೀದಿಖತದ ಭಾಷಾಂತರ ಮತ್ತೊಮ್ಮೆ ಮೂಲದೊಂದಿಗೆ ತಾಳೆ ನೋಡಬೇಕು. ಫಸಲಿ ವರ್ಷವನ್ನು ಇಸವಿಗೆ ತಿರುಗಿಸಿ ಪಕ್ಕದಲ್ಲಿ ಬರೆಯಬೇಕು. ಹೈದರಾಬಾದ ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ, ನಮ್ಮ ಅಜ್ಜನ 1352 ಎಂದರೆ 1942-43. ಮೂರನೆಯದು ನಕಾಶೆ. ಯಾವುದು ಮೂಡಲು, ಯಾವುದು ಪಡುವಲು, ಹಳ್ಳ ಎಲ್ಲಿ, ಒಡ್ಡು ಎಲ್ಲಿ, ಒಂದೇ ಹಾಳೆಯ ಮೇಲೆ ಕೈಯಿಂದ ತೆಗೆದ ಕಚ್ಚಾ ನಕಾಶೆ. ಮೊದಲಿನ ಸಾಹೇಬರಿಗೆ ಇದಾವುದೂ ಬೇಕಾಗಿರಲಿಲ್ಲ. ಅವರು ಸೊಲ್ಲಾಪುರದ ಕಡೆಯವರು. ಕನ್ನಡ ಮಾತಾಡಲು ಬಾರದಿದ್ದರೂ ಕಿವಿಗೆ ಬಿದ್ದು ಬಿದ್ದು ಅರ್ಥವಾಗುತ್ತಿತ್ತು. ಅಜ್ಜ ಕಟಕಟೆಯಲ್ಲಿ ನಿಂತು ಕೈ ಎತ್ತಿ "ಇಷ್ಟೆತ್ತರ ಇತ್ತರೀ ಒಡ್ಡು, ಮ್ಯಾಲ ಹತ್ತಿ ಕುಂತ್ರ ನಮ್ಮ ದನ ಎಲ್ಲಾ ಕಾಣಸ್ತಿದ್ದವು" ಎಂದಾಗ ಅವರು ನಕ್ಕದ್ದು ನನಗೆ ಇನ್ನೂ ನೆನಪಿದೆ. ಆ ನಗೆಯನ್ನು ನೋಡಿ ನಾನು ಕೇಸು ಗೆದ್ದೆ ಎಂದೇ ಮನೆಗೆ ಬಂದಿದ್ದೆ.

ಈಗ ಆ ನಗೆ ಅವರೊಂದಿಗೆ ಬದಲಿಯಾಗಿ ಹೋಯಿತು. ಕಾಯಿದೆ ಏನು ಹೇಳುತ್ತದೆ? ದಿವಾಣಿ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 15ನೇ ನಿಯಮದಂತೆ, ನ್ಯಾಯಾಧೀಶರು ಬದಲಿಯಾದರೆ ಅಥವಾ ತೀರಿಹೋದರೆ, ಅವರು ಬರೆಸಿಕೊಂಡ ಸಾಕ್ಷಿಯನ್ನು ಹೊಸಬರು ತಾವೇ ಬರೆಸಿಕೊಂಡಂತೆ ತಿಳಿದು, ನಿಂತಲ್ಲಿಂದ ಮುಂದೆ ನಡೆಸಬಹುದು. ಎಲ್ಲರ ಸಾಕ್ಷಿ ಮತ್ತೆ ಮಾಡಿಸುತ್ತ ಕುಳಿತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು, ಆದ್ದರಿಂದ ನಿಯಮ ಸರಿಯೇ ಇದೆ. ಆದರೆ ಸಾಕ್ಷಿದಾರ ಹೇಗೆ ನಿಂತ, ಎಲ್ಲಿ ತಡವರಿಸಿದ, ಯಾವ ಮಾತಿಗೆ ಕೈ ಎತ್ತಿದ ಎಂಬುದು ಕಾಗದದಲ್ಲಿ ಬರುವುದಿಲ್ಲ. ಅದನ್ನು ಬರೆದಿಡಲು ಅದೇ ಆದೇಶದ 12ನೇ ನಿಯಮ ಅವಕಾಶ ಕೊಡುತ್ತದೆ. ಬರೆದಿಡದಿದ್ದರೆ ಹೊಸಬರಿಗೆ ಅದು ನಡೆದೇ ಇಲ್ಲ.

ವ್ಯಾಪಾರಿಗಳಿಗೆ ಇಲ್ಲಿ ಒಂದು ಮಾತು. ಅಡತಿ ಅಂಗಡಿಯವರ ಚೆಕ್ ಬೌನ್ಸ್ ಕೇಸುಗಳಲ್ಲಿ, ಅಂದರೆ 138ರ ಕೇಸುಗಳಲ್ಲಿ, ಲೆಕ್ಕ ಬೇರೆ. ಕೇಸನ್ನು ಸಂಕ್ಷಿಪ್ತ ವಿಚಾರಣೆಯಾಗಿ ನಡೆಸಿದ್ದರೆ, ಬರೀ ಸಾರಾಂಶ ಬರೆದಿಟ್ಟಿದ್ದರೆ, ಹೊಸ ಮ್ಯಾಜಿಸ್ಟ್ರೇಟರು ಹಳೆಯವರ ಟಿಪ್ಪಣಿ ಮೇಲೆ ಶಿಕ್ಷೆ ಕೊಡುವಂತಿಲ್ಲ, ಮೊದಲಿಂದ ನಡೆಸಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಸಾಕ್ಷಿಯನ್ನು ಪೂರಾ ಬರೆಸಿಕೊಂಡಿದ್ದರೆ ಆ ತೊಡಕಿಲ್ಲ. ಆದ್ದರಿಂದ ಮ್ಯಾಜಿಸ್ಟ್ರೇಟರು ಬದಲಾದ ದಿನವೇ ಜಾಣ ವಕೀಲ ಮೊದಲು ನೋಡುವುದು, ಈ ಕೇಸು ಯಾವ ಪದ್ಧತಿಯಲ್ಲಿ ನಡೆದಿದೆ ಎಂಬುದನ್ನು. ಇನ್ನೊಂದು, 2015ರ ತಿದ್ದುಪಡಿಯಿಂದ ಹಣ ಬರಬೇಕಾದವನ ಖಾತೆ ಯಾವ ಬ್ಯಾಂಕ್ ಶಾಖೆಯಲ್ಲಿದೆಯೋ ಆ ಊರಲ್ಲಿ ಕೇಸು. ಉದಗೀರದ ಅಡತಿ ಬೀದರದ ಗಿರಾಕಿಯ ಮೇಲೆ ಉದಗೀರದಲ್ಲೇ ಹಾಕುತ್ತಾನೆ. ಬೀದರದವ ತನ್ನ ವಕೀಲನನ್ನು ಕರೆದುಕೊಂಡು ಬರುತ್ತಾನೆ. ವಕೀಲರ ಕಾಯಿದೆಯ 30ನೇ ಕಲಮು 2011ರ ಜೂನ್ 15ರಿಂದ ಜಾರಿಗೆ ಬಂದು, ದೇಶದ ಯಾವ ಕೋರ್ಟಿನಲ್ಲಾದರೂ ನಿಲ್ಲುವ ಹಕ್ಕು ಕೊಟ್ಟಿದೆ. ಆದರೆ ಹಕ್ಕಿದ್ದರೆ ಸಾಕೆ? ಸಾಹೇಬರು ಹೊಸಬರು, ಭಾಷೆ ಮರಾಠಿ, ಸಿಬ್ಬಂದಿ ಗುರುತಿಲ್ಲ. ಬುದ್ಧಿವಂತರು ಅಲ್ಲಿಯ ಒಬ್ಬ ವಕೀಲರನ್ನು ಜೊತೆಗೆ ಹಾಕಿಕೊಳ್ಳುತ್ತಾರೆ. ಅದು ಖರ್ಚೆಂದು ಉಳಿಸಿದವರು ಆಮೇಲೆ ಎರಡು ಪಟ್ಟು ತಿರುಗಿದ್ದನ್ನು ನೋಡಿದ್ದೇನೆ.

ಅಮೆರಿಕದಲ್ಲಿ ಕೆಲವು ನ್ಯಾಯಾಧೀಶರು ತಮ್ಮ ಕೋರ್ಟಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಅರ್ಜಿ ಎಷ್ಟು ಪುಟ ಇರಬೇಕು, ಕಾಗದ ಹೇಗೆ ಕಟ್ಟಬೇಕು ಎಂದು ತಾವೇ ಬರೆದು ಜಾಲತಾಣದಲ್ಲಿ ಹಾಕಿಬಿಡುತ್ತಾರೆ ಎಂದು ನಮ್ಮ ವಕೀಲರ ಮಗ ಹೇಳಿದ. ಅವನು ಕಾನೂನು ಓದುತ್ತಿದ್ದಾನೆ. ನಮ್ಮಲ್ಲಿ ರಾಜ್ಯಕ್ಕೆಲ್ಲ ಒಂದು ನಿಯಮದ ಪುಸ್ತಕ, ಕರ್ನಾಟಕದಲ್ಲಾದರೆ 1967ರ ದಿವಾಣಿ ನಿಯಮಗಳು, ಇತ್ತ ಸಿವಿಲ್ ಮ್ಯಾನ್ಯುಯಲ್. ಸಾಹೇಬರ ಸ್ವಂತ ರೂಢಿ ತಿಳಿಯಬೇಕಾದರೆ ಬೆಂಚ್ ಕ್ಲರ್ಕ್, ಸ್ಟೆನೋ ಇವರನ್ನೇ ಕೇಳಬೇಕು. ಕೇಳುವುದರಲ್ಲಿ ತಪ್ಪಿಲ್ಲ. ಪುಟಕ್ಕೆ ಗುರುತಿನ ಚೀಟಿ ಹಚ್ಚಬೇಕೋ, ಲಿಖಿತ ವಾದ ಬೇಕೋ, ಎಷ್ಟು ಹೊತ್ತಿಗೆ ವಾದ ಕೇಳುತ್ತಾರೆ, ಇಷ್ಟು ಕೇಳಬಹುದು.

ಅದಕ್ಕಿಂತ ಮುಂದೆ ಹೋಗಬಾರದು. ಈ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯುತ್ತೇನೆ. ಹೊಸ ಸಾಹೇಬರ ಹೆಂಡತಿಯ ತವರಿನ ಕಡೆ ನಮ್ಮ ಬೀಗರಿಗೆ ಯಾರದೋ ಗುರುತು ಎಂದು ಸುದ್ದಿ ಸಿಕ್ಕಿತು. ಓಡಿಹೋಗಿ ವಕೀಲರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. "ಮಾಮಾ, ಈ ಮಾತು ಇಲ್ಲೇ ಬಿಡ್ರಿ. ನಡೀತಿರೋ ಕೇಸಿನ ಬಗ್ಗೆ ಜಜ್ ಸಾಹೇಬ್ರ ಕೂಡ ಖಾಸಗಿಯಾಗಿ ಮಾತಾಡಬಾರದು ಅಂತ ಬಾರ್ ಕೌನ್ಸಿಲಿನ ನಿಯಮ ಅದ. ನೀವು ಆ ದಾರಿ ಹಿಡಿದ್ರ ವಕಾಲತ್‌ನಾಮಾ ವಾಪಸ್ ತಗೋತೀನಿ" ಅಂದರು. ನಾಚಿಕೆಯಾಯಿತು. ನಮ್ಮ ಕಡೆ ಕೇಸಿನ ಖರ್ಚಿನಲ್ಲಿ ಇಂಥ 'ಗುರುತಿನವರು' ತಿಂದ ಹಣವೇ ಹೆಚ್ಚು ಎಂಬುದು ಓದುಗರಿಗೆ ಗೊತ್ತಿರದ ಮಾತಲ್ಲ. ಆ ಹಣ ಸಾಹೇಬರವರೆಗೆ ಮುಟ್ಟುವುದೂ ಇಲ್ಲ, ಹೊಸಬರು ಬಂದ ತಿಂಗಳೇ ಆ ದಂಧೆಗೆ ಸುಗ್ಗಿ.

ಇನ್ನು ಒಡ್ಡಿನ ಮಾತಿಗೆ ಬರುತ್ತೇನೆ.

ಹೊಸ ಸಾಹೇಬರಿಗಾಗಿ ವಕೀಲರು ಎರಡು ಪುಟದ ಟಿಪ್ಪಣಿ ಮಾಡಲು ಕುಳಿತರು. ಯಾವ ತಾರೀಖಿಗೆ ಏನಾಯಿತು, ಯಾವ ಸಾಕ್ಷಿ ಯಾವ ಪುಟದಲ್ಲಿ ಏನು ಹೇಳಿದ. ನಾಲ್ಕು ವರ್ಷದ ಫೈಲನ್ನು ಮೊದಲ ಪುಟದಿಂದ ಓದುತ್ತ ಬಂದರು. ರಾತ್ರಿ ಹತ್ತರ ಸುಮಾರಿಗೆ ನನಗೆ ಫೋನು. "ಅಜ್ಜನ ಉಲಟ ತಪಾಸಣೆಯೊಳಗ ಒಂದು ಮಾತು ಕೆಟ್ಟದ್ದು ಬಂದಾದ. ನಾಳೆ ಬರ್ರಿ."

2002ರ ತಿದ್ದುಪಡಿ ಆದಾಗಿನಿಂದ ಸಾಕ್ಷಿಯ ಮುಖ್ಯ ಹೇಳಿಕೆ ಅಫಿಡವಿಟ್ ಮೇಲೆ ಹೋಗುತ್ತದೆ. ಅಜ್ಜನ ಅಫಿಡವಿಟ್‌ನಲ್ಲಿ ಮರಾಠಿಯಲ್ಲಿ 'ಬಾಂಧ' ಎಂದು ಸರಿಯಾಗಿ ಇತ್ತು. ಆದರೆ ಎದುರಿನ ವಕೀಲರ ಪ್ರಶ್ನೆಗೆ ಅಜ್ಜ ಕಟಕಟೆಯಲ್ಲಿ ನಿಂತು ಕನ್ನಡದಲ್ಲಿ ಕೊಟ್ಟ ಉತ್ತರ ಮರಾಠಿಯಲ್ಲಿ ಹೀಗೆ ಬರೆದಿತ್ತು: ಎರಡೂ ಹೊಲದ ನಡುವಿನ ಹದ್ದು 'ಓಢಾ'. ಅಜ್ಜ ಹೇಳಿದ್ದು ಒಡ್ಡು. ಬರೆದದ್ದು ಓಢಾ. ಮರಾಠಿಯಲ್ಲಿ ಓಢಾ ಎಂದರೆ ಹಳ್ಳ! ಒಂದು ಶಬ್ದದಲ್ಲಿ 11 ಗುಂಟೆ, ಎರಡು ಹುಣಸೆ ಮರ ಎದುರಿನವರ ಪಾಲಾಗಿದ್ದವು. ಅದೂ ನಮ್ಮದೇ ಸಾಕ್ಷಿಯ ಬಾಯಿಂದ.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಮರಾಠಿ ಕಿವಿಗೆ ಅದು ಹಾಗೇ ಕೇಳಿಸುತ್ತದೆ. ತೆಲುಗಿನಲ್ಲಿ ನೋಡಿದರೆ ಒಡ್ಡು ಎಂದರೆ ಹೊಳೆಯ ದಂಡೆ. ಕನ್ನಡದಲ್ಲಿ ಮಣ್ಣಿನ ಕಟ್ಟೆ, ತೆಲುಗಿನಲ್ಲಿ ನೀರಿನ ದಂಡೆ, ಮರಾಠಿಯಲ್ಲಿ ಅದೇ ಸದ್ದಿನ ಮಾತು ಹರಿಯುವ ನೀರೇ. ಈ ಶಬ್ದ ಇಟ್ಟುಕೊಂಡು ನಾನೇ ಹಿಂದೆ ಎರಡು ಭಾಷೆಯಲ್ಲಿ ಕವನ ಕಟ್ಟಿ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೆ. ಅಂದು ಕೋರ್ಟಿನಲ್ಲಿ ಹಾಜರಿದ್ದೂ ನನ್ನ ಕಿವಿಗೆ ಇದು ಬೀಳಲಿಲ್ಲವಲ್ಲ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇದಕ್ಕೂ ನಿಯಮ ಇತ್ತು ಎಂಬುದೇ ದುಃಖದ ಸಂಗತಿ. 18ನೇ ಆದೇಶದ 6ನೇ ನಿಯಮ: ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿ, ಬರೆದದ್ದು ಅವನಿಗೆ ತಿಳಿಯದ ಇನ್ನೊಂದು ಭಾಷೆಯಲ್ಲಿದ್ದರೆ, ಬರೆದದ್ದನ್ನು ಅವನು ಹೇಳಿದ ಭಾಷೆಯಲ್ಲಿ ತಿರುಗಿಸಿ ಅವನಿಗೆ ತಿಳಿಸಬೇಕು. ಅಂದು ಸಂಜೆಯಾಗಿತ್ತು. ಅಜ್ಜ ಹೆಬ್ಬೆಟ್ಟು ಒತ್ತಿ ಬಸ್ಸಿಗೆ ಹೊರಟರು. ಯಾರೂ ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ಗಡಿಭಾಗದ ಓದುಗರು ಈ ನಿಯಮದ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ನಿಮ್ಮ ಮನೆಯ ಹಿರಿಯರು ಕನ್ನಡದಲ್ಲಿ ಸಾಕ್ಷಿ ಹೇಳಿದ ದಿನ, ಹೆಬ್ಬೆಟ್ಟು ಒತ್ತುವ ಮೊದಲು, ಬರೆದದ್ದನ್ನು ಕನ್ನಡದಲ್ಲಿ ಹೇಳಿರಿ ಎಂದು ನಿಮ್ಮ ವಕೀಲರ ಮೂಲಕ ಕೇಳಿಸಿರಿ.

ಈಗ ಪ್ರಶ್ನೆ, ಹೊಸ ಸಾಹೇಬರ ಮುಂದೆ ಇದನ್ನು ಹೇಗೆ ಇಡುವುದು? ನನ್ನ ಸಲಹೆ ಸುಮ್ಮನಿರೋಣ, ಎದುರಿನವರಿಗೆ ಗೊತ್ತಾಗಿರಲಿಕ್ಕಿಲ್ಲ ಎಂಬುದು. ವಕೀಲರು ಒಪ್ಪಲಿಲ್ಲ. "ಇವರು ಸಾಲು ಸಾಲು ಓದೋ ಸಾಹೇಬರು. ಆ ಸಾಲು ಅವರ ಕಣ್ಣಿಗೆ ತಾನಾಗಿ ಬಿತ್ತಂದ್ರ ನಾವು ಮುಚ್ಚಿಟ್ಟವರಾಗ್ತೀವಿ. ಮೊದಲ ತಾರೀಖಿಗೇ ನಾವೇ ಹೇಳಬೇಕು" ಅಂದರು. ಮೊದಲಿನ ಸಾಹೇಬರಾಗಿದ್ದರೆ ಬಾಯಿಮಾತಿನಲ್ಲಿ ಮುಗಿಯುತ್ತಿತ್ತೇನೋ. ಇವರಿಗೆ ಅರ್ಜಿ ಬೇಕು, ಅದಕ್ಕೆ ಆಧಾರ ಬೇಕು. 17ನೇ ನಿಯಮದಂತೆ ಸಾಕ್ಷಿಯನ್ನು ಮತ್ತೆ ಕರೆಸಿ ಕೋರ್ಟು ಪ್ರಶ್ನೆ ಕೇಳಬಹುದು. ಆದರೆ ಕೇಸಿನ ತೂತು ಮುಚ್ಚಲು ಇದನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ವಾದಿರಾಜ ನಾಗಪ್ಪ ವೆರ್ಣೇಕರ ಪ್ರಕರಣದಲ್ಲಿ ಹೇಳಿದೆ. ಎದುರಿನವರು ಅದನ್ನೇ ಹಿಡಿಯುತ್ತಾರೆ ಎಂದು ಗೊತ್ತಿತ್ತು. ಆದ್ದರಿಂದ ಅರ್ಜಿಯಲ್ಲಿ ಹೊಸ ಸಂಗತಿ ಒಂದನ್ನೂ ಕೇಳಲಿಲ್ಲ. ಒಂದು ಶಬ್ದದ ಅರ್ಥ ಮಾತ್ರ. ಜೊತೆಗೆ ಕನ್ನಡ ಶಬ್ದಕೋಶದ ಒಂದು ಪುಟ, ಮರಾಠಿ ಶಬ್ದಕೋಶದ ಒಂದು ಪುಟ, ಕಚ್ಚಾ ನಕಾಶೆ, ಅಫಿಡವಿಟ್‌ನ ಆ ಪರಿಚ್ಛೇದ. ಮರಾಠಿ ಪುಟ ವಕೀಲರು ತಂದರು, ಕನ್ನಡ ಪುಟ ನನ್ನ ಮನೆಯದು.

ತಾರೀಖಿನ ದಿನ ನಾನು ಹೊಸ ಧೋತರ ಉಟ್ಟು ಹೋಗಿದ್ದೆ. "ಕೈ ಕಟ್ಟಿ ನಿಲ್ರಿ, ಕೇಳಿದ್ರಷ್ಟೇ ಮಾತಾಡ್ರಿ, ತಲಿ ಅಲ್ಲಾಡಸಬ್ಯಾಡ್ರಿ" ಎಂದು ಗುಮಾಸ್ತ ನನಗೆ ಪಾಠ ಹೇಳಿದ. ನಮ್ಮ ವಕೀಲರು ಸಾಹೇಬರ ಬಲಗಡೆ ನಿಂತರು. ವಾದ ಶುರು ಮಾಡಲಿಲ್ಲ. ಎರಡು ಪುಟದ ಟಿಪ್ಪಣಿ ಮತ್ತು ನಕಾಶೆ ಕೊಟ್ಟು, ನಮ್ಮ ಸಾಕ್ಷಿಯ ಉಲಟ ತಪಾಸಣೆಯ ಮೂರನೇ ಪುಟದಲ್ಲಿ ನಮ್ಮ ವಿರುದ್ಧ ಒಂದು ಸಾಲಿದೆ, ಅದನ್ನು ಮೊದಲು ನೋಡಬೇಕು ಎಂದು ವಿನಂತಿಸಿದರು. ಸಾಹೇಬರು ಕನ್ನಡಕ ಮೇಲೆ ಮಾಡಿ ಒಮ್ಮೆ ನೋಡಿದರು. ತಮ್ಮ ವಿರುದ್ಧದ ಸಾಲನ್ನು ತಾವೇ ತೋರಿಸುವ ವಕೀಲರನ್ನು ಅವರು ಆ ತಿಂಗಳು ನೋಡಿರಲಿಲ್ಲವೆಂದು ಕಾಣುತ್ತದೆ.

ಎದುರಿನ ವಕೀಲರು ಎದ್ದರು. ತೂತು ಮುಚ್ಚುವ ಯತ್ನ, 2009ರ ತೀರ್ಪು ಎಲ್ಲ ಬಂತು. ಓಢಾ ಎಂದರೆ ಓಢಾ, ಅದಕ್ಕೆ ಎರಡನೇ ಅರ್ಥವಿಲ್ಲ ಎಂದರು. ಅವರು ನಮ್ಮ ಕಡೆಯವರೇ, ಮನೆಯಲ್ಲಿ ಕನ್ನಡವೇ. ಸಾಹೇಬರು ಮೆಲ್ಲಗೆ ಕೇಳಿದರು: "ವಕೀಲ ಸಾಹೇಬ, ತುಮ್ಹಾಲಾ ಕಾನಡಿ ಯೇತೆ ಕಾ?"

"ಯೇತೆ, ಸಾಹೇಬ."

"ಮಗ ಒಡ್ಡು ಮ್ಹಣಜೆ ಕಾಯ?"

ಹಾಲಿನಲ್ಲಿ ಪಂಖದ ಸದ್ದು ಮಾತ್ರ. ಅವರು ಒಂದು ಗಳಿಗೆ ತಡೆದರು. ಸುಳ್ಳು ಹೇಳಬಹುದಿತ್ತು. "ಬಾಂಧ, ಸಾಹೇಬ" ಎಂದರು. ಕೂಡಲೇ, ಆದರೆ ಸಾಕ್ಷಿದಾರ ಅಂದು ಒಡ್ಡು ಎಂದದ್ದಕ್ಕೆ ಪುರಾವೆ ಇಲ್ಲ, ಓಢಾ ಎಂದೇ ಅಂದಿದ್ದಾನೆ ಎಂದು ಸೇರಿಸಿದರು. ತನ್ನ ಗಿರಾಕಿಗಾಗಿ ಮಾಡಬೇಕಾದ್ದು ಮಾಡಿದರು, ಕೋರ್ಟಿಗೆ ಹೇಳಬೇಕಾದ್ದೂ ಹೇಳಿದರು. ಹೊರಗೆ ಬಂದ ಮೇಲೆ ಅವರಿಗೆ ಕೈ ಮುಗಿಯಬೇಕೆನಿಸಿತು. ನಮ್ಮ ವಕೀಲರು ಬೇಡವೆಂದರು.

ಹುಕುಂ ಎಂಟು ದಿನಕ್ಕೆ ಬಂತು. ಅಜ್ಜನನ್ನು ಮತ್ತೆ ಕರೆಸಬೇಕು, ಆ ಒಂದು ಶಬ್ದದ ಬಗ್ಗೆ ಕೋರ್ಟೇ ಪ್ರಶ್ನೆ ಕೇಳುತ್ತದೆ, ಎರಡೂ ಭಾಷೆ ಬಲ್ಲ ಒಬ್ಬರನ್ನು ದುಭಾಷಿಯಾಗಿ ಪ್ರಮಾಣ ಮಾಡಿಸಿ ಕೂಡಿಸಬೇಕು. ಎದುರಿನವರಿಗೂ ಅಷ್ಟರ ಮೇಲೆ ಪಾಟೀ ಸವಾಲು ಮಾಡುವ ಅವಕಾಶ. ಗೆದ್ದೆವು ಎಂದೇನೂ ಅಲ್ಲ. ಸಾಹೇಬರು ಒಡ್ಡೇ ಹದ್ದು ಎಂದು ಹೇಳಿಲ್ಲ. ಮೋಜಣಿಯ ತಕರಾರು ಹಾಗೇ ಇದೆ.

ಅಜ್ಜನಿಗೆ ಸಮನ್ಸು ಕೊಡಲು ಬೇಲಿಫ್ ಬರುವ ಮೊದಲೇ ಸುದ್ದಿ ಹೇಳಲು ನಾನೇ ಅವರ ಮನೆಗೆ ಹೋದೆ. ಏನೂ ಹೇಳಿಕೊಡಬೇಡಿ, ಮೊದಲು ಏನು ಬರೆದಿತ್ತು ಎಂದೂ ಹೇಳಬೇಡಿ ಎಂದು ವಕೀಲರು ಬಿಗಿ ಮಾಡಿ ಕಳಿಸಿದ್ದರು. ಹಾಗಾಗಿ, ಹೊಸ ಸಾಹೇಬರು ಬಂದಾರ, ಒಂದು ಮಾತು ಕೇಳಬೇಕಂತ, ಅಷ್ಟೇ ಹೇಳಿದೆ. ಅಜ್ಜ ಹೊರಸಿನ ಮೇಲೆ ಎದ್ದು ಕುಳಿತರು. ಈಗ ಮೊಣಕಾಲು ಹಿಡಿದಿವೆ, ಬಸ್ಸು ಹತ್ತಲಾಗದು, ಜೀಪು ಮಾಡಬೇಕು.

"ಹೊಸ ಸಾಹೇಬ್ರಿಗಿ ಕನ್ನಡ ಬರ್ತದೇನು ತಮ್ಮಾ?" ಅಂದರು.

"ಇಲ್ಲ ಎಜ್ಜಾ, ಆ ಕಡಿ ವಿದರ್ಭದವರು."

"ಹಾಂಗಾದ್ರ ನನ್ನ ಯಾಕ ಅಷ್ಟು ದೂರ ಒಯ್ತೀರಿ? ಅವರನ್ನೇ ಹೊಲಕ್ಕ ಕರಕೊಂಡು ಬರ್ರಿ. ಎಲ್ಲಿತ್ತಂತ ಕೋಲು ಊರಿ ತೋರಸ್ತೀನಿ."

ನಗು ಬಂತು, ವಕೀಲರಿಗೆ ಹೇಳಿದೆ. ಅವರು ನಗಲಿಲ್ಲ. 18ನೇ ಆದೇಶದ 18ನೇ ನಿಯಮದಂತೆ ನ್ಯಾಯಾಧೀಶರು ತಾವೇ ಜಾಗ ನೋಡಲು ಬರಬಹುದಂತೆ. ಆ ಅರ್ಜಿಯೂ ಬರೆದಿಟ್ಟಾರೆ. ಹಳ್ಳದ ನೀರು ಇಳಿದ ಮೇಲೆ, ತೊಗರಿ ಹೂ ಬಿಡುವ ಹೊತ್ತಿಗೆ ಹಾಕೋಣ, ಅಷ್ಟರೊಳಗೆ ಸಾಹೇಬರು ನಮ್ಮ ಸೀಮೆಗೆ ತುಸು ರೂಢಿಯಾಗಿರುತ್ತಾರೆ ಎಂದಿದ್ದಾರೆ. ಅಜ್ಜನ ತಾರೀಖು ಮಾತ್ರ ಅದಕ್ಕಿಂತ ಮೊದಲೇ ಇದೆ. ಜೀಪಿನವನಿಗೆ ಮುಂಗಡ ಕೊಟ್ಟು ಬಂದಿದ್ದೇನೆ.